ಚುಕ್ಕಿ ತಿಂದಳು: ಐದು

ವಿನೋಬನಗರ, ಶಿವಮೊಗ್ಗ
೮ ಜುಲೈ ೨೦೨೪

ಮಾವನವರಿಗೆ ಸ್ಪಂದನಾ ಮಾಡುವ ನಮಸ್ಕಾರ.

ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀರಿ. ಫೋನಿನಲ್ಲಿ ನಿಮ್ಮ ಧ್ವನಿ ಕೇಳಿದರೆ ನಾನು ಒಪ್ಪಿಬಿಡುತ್ತೇನೆ. ಮೂರು ವರ್ಷ ಹಾಗೆ ಒಪ್ಪಿಕೊಂಡೇ ಬದುಕಿದೆ. ಅದಕ್ಕೇ ನಿಮ್ಮ ಮನೆಯ ಮೂರೂ ನಂಬರು ಬ್ಲಾಕ್ ಮಾಡಿದ್ದೇನೆ. ಕಾಗದವಾದರೆ ಸಾಕೆನಿಸಿದಾಗ ಮಡಿಚಿಡಬಹುದು.

ಮನೆಗೆ ಬಾ ಅಂತ ಬರೆಯಬೇಡಿ. ನಿಮ್ಮ ಮಗ ನನ್ನ ಬಾಯಿಗೆ ಹೊಡೆದು ಹಲ್ಲು ಮುರಿದ ದಿನ ನೀವು ಎದುರಿನ ಸೋಫಾದಲ್ಲೇ ಕೂತಿದ್ದಿರಿ. ಕೈಯಲ್ಲಿ ಪೇಪರ್ ಇತ್ತು. ಪುಟ ಕೂಡ ತಿರುವಿದಿರಿ. ಆ ವಿಷಯ ಇಲ್ಲಿಗೆ ಸಾಕು. ಈ ಕಾಗದ ಚುಕ್ಕಿಯ ಬಗ್ಗೆ.

ನಾನಿರುವ ಪಿ.ಜಿ.ಯಲ್ಲಿ ಪ್ರಾಣಿ ಸಾಕುವ ಹಾಗಿಲ್ಲ. ಗೋಪಾಳದಲ್ಲಿ ಒಂದು ರೂಮು ನೋಡಿದ್ದೇನೆ, ಅಕ್ಟೋಬರ್ ಒಂದಕ್ಕೆ ಖಾಲಿಯಾಗುತ್ತದೆ. ಅಲ್ಲಿಯ ತನಕ ಅವಳನ್ನು ನೋಡಿಕೊಳ್ಳಿ. ಆ ಮನೆಯಲ್ಲಿ ಅವಳನ್ನು 'ಆ ಹಲ್ಲಿ' ಅನ್ನದೆ ಹೆಸರು ಹಿಡಿದು ಕರೆದವರು ನೀವೊಬ್ಬರೇ. ನಿಮ್ಮನ್ನು ಕೇಳುವುದಕ್ಕೆ ಬೇರೆ ಕಾರಣವಿಲ್ಲ.

ಅವಳು ಗೋಡೆ ಹಲ್ಲಿಯಲ್ಲ, ಚಿರತೆ ಹಲ್ಲಿ. ಜೀವಂತ ಹುಳ ಬಿಟ್ಟು ಬೇರೇನೂ ತಿನ್ನುವುದಿಲ್ಲ. ದಿನ ಬಿಟ್ಟು ದಿನ ಐದು ಚಿಮ್ಮಂಡೆ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಗಾಜಿನ ಪೆಟ್ಟಿಗೆಯೊಳಗೆ ಬಿಡಬೇಕು. ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿರುವ ಚಿಮ್ಮಂಡೆ ಮೂರು ವಾರಕ್ಕೆ ಸಾಕು. ಆಮೇಲೆ ಹಳೇ ಊರಿನಲ್ಲಿ ಮೀನಿನ ತೊಟ್ಟಿ ಮಾರುವ ಮೆಹಬೂಬ್ ಸಾಬರ ಅಂಗಡಿಗೆ ಹೋಗಿ, ಹೇಳಿಟ್ಟಿದ್ದೇನೆ. ಅನ್ನ, ಹಣ್ಣು, ಹಾಲು ಯಾವುದೂ ಕೂಡದು. ಬಾಲ ದಪ್ಪಗಿದ್ದರೆ ಹೊಟ್ಟೆ ತುಂಬಿದೆ ಅಂತ ಅರ್ಥ, ಸಣ್ಣಗಾದರೆ ಹಸಿವು. ಬಾಯಂಚು ಕೆಂಪಾದರೆ, ಊದಿದರೆ ಅದೇ ದಿನ ತಿಳಿಸಿ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವಳು ನಾನು. ಬಾಯಿ ಕೆಟ್ಟರೆ ಮುಂದೆ ಏನೇನು ಕೆಡುತ್ತದೆ ಅಂತ ದಿನಾ ನೋಡುತ್ತೇನೆ.

ಸ್ಪಂದನಾ


ನ್ಯೂ ಟೌನ್, ಭದ್ರಾವತಿ
೧೩ ಜುಲೈ ೨೦೨೪

ಚಿ. ಸೌ. ಸ್ಪಂದನಾಳಿಗೆ ನಿನ್ನ ಮಾವ ಮುರುಗೇಶಪ್ಪನ ಅನಂತಾನಂತ ಆಶೀರ್ವಾದಗಳು.

ಎಲೈ ಸೊಸೆಯೇ, ಕೇಳುವಂಥವಳಾಗು! ಮೂರು ಬೆಲ್ಲು ಹೊಡೆದಿದೆ, ಪರದೆ ಏಳುತ್ತಿದೆ. ರಂಗದ ಎಡಗಡೆಯಿಂದ ಚಿಮ್ಮಂಡೆಯ ಪ್ರವೇಶ. ಮೈಗೆಲ್ಲ ಬಿಳೀ ಪುಡಿ ಬಳಿದುಕೊಂಡು, ಮೀಸೆ ಕುಣಿಸಿಕೊಂಡು, 'ಈ ರಾಜ್ಯದಲ್ಲಿ ನನ್ನನ್ನು ತಡೆಯುವವರಾರು?' ಎಂಬಂತೆ ನಡೆದು ಬಂತು. ಬಲಗಡೆ ಕಲ್ಲಿನ ಹಿಂದೆ ನಮ್ಮ ಚುಕ್ಕಿ ಮಹಾರಾಣಿ! ಮೊದಲು ಒಂದು ಕಣ್ಣು, ಆಮೇಲೆ ಒಂದು ಕಾಲು. ಬಾಲದ ತುದಿ ತಾಳ ಹಾಕುವವನ ಬೆರಳಿನಂತೆ ನಡುಗಿತು. ಹಾರ್ಮೋನಿಯಂ ಒಂದಿಲ್ಲ ನೋಡು, ಮಿಕ್ಕದ್ದೆಲ್ಲ ಇತ್ತು. ನಾನು ಉಸಿರು ಹಿಡಿದೆ. ಛಟ್! ಚಿಮ್ಮಂಡೆಯ ಪಾತ್ರ ಅಲ್ಲಿಗೆ ಮುಗಿಯಿತು. ಹೀಗೆ ಐದು ಪ್ರವೇಶ, ಐದು ಸಂಹಾರ. ಕೊನೆಗೆ ನಾಲಿಗೆಯಿಂದ ತುಟಿ ಒರೆಸಿಕೊಂಡು ನನ್ನತ್ತ ನೋಡಿದಳು, ಚಪ್ಪಾಳೆ ಎಲ್ಲಿ ಎಂಬಂತೆ. ತಟ್ಟಿದೆ ಮಗಳೇ, ಎದ್ದು ನಿಂತು ತಟ್ಟಿದೆ!

ಅಡುಗೆಮನೆಯಿಂದ ನಿನ್ನತ್ತೆ ಕಾಶಮ್ಮ ಇಣುಕಿ, "ಆ ಹಲ್ಲಿಗೆ ಮಾಡೋ ಸೇವೇಲಿ ಕಾಲು ಭಾಗ ಶಿವನಿಗೆ ಮಾಡಿದ್ರೆ ಇಷ್ಟೊತ್ತಿಗೆ ಮೋಕ್ಷ ಸಿಕ್ತಿತ್ತು ನಿಮಗೆ, ಮಾರಾಯ್ರೆ" ಎಂದಳು. "ಮೋಕ್ಷದಲ್ಲಿ ಇಷ್ಟು ಮಜಾ ಇರಲ್ಲ ಕಣೆ" ಎಂದೆ.

ನಿನ್ನ ಮಾವ ಯಾರು? ಹಗಲು ಕಾರ್ಖಾನೆಯ ಕುಲುಮೆಯ ಬೆಂಕಿ, ಸಂಜೆ ನಾಟಕರಂಗದ ಬೆಳಕು, ಎರಡರ ಮುಂದೂ ನಿಂತವನು. ಮೈಕಿಲ್ಲದೆ ಕೊನೆಯ ಬೆಂಚಿಗೆ ಮಾತು ಮುಟ್ಟಿಸಿದ ಗಂಟಲು ಇದು. ಅಂಥವನು ಒಂದು ಜೀವವನ್ನು ಕಾಯಲಾರನೇ? ಚಿಂತೆ ಬಿಡು.

ಇನ್ನೊಂದು ಮಾತು. ಗಂಡ ಹೆಂಡಿರ ನಡುವೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಒಂದು ಅಂಕ ಕೆಟ್ಟಿತೆಂದು ಯಾರಾದರೂ ಆಟ ನಿಲ್ಲಿಸುತ್ತಾರೆಯೇ? ಜ್ಞಾನೇಶ ಈಗ ಊಟಕ್ಕೆ ಕೂತರೆ ತಲೆ ಎತ್ತುವುದಿಲ್ಲ. ಯೋಚಿಸು.

ಇಂತಿ ನಿನ್ನ ಮಾವ,
ಮುರುಗೇಶಪ್ಪ


ವಿನೋಬನಗರ, ಶಿವಮೊಗ್ಗ
೨೨ ಜುಲೈ ೨೦೨೪

ಮಾವನವರಿಗೆ,

ಕಾಗದ ಓದಿ ನಕ್ಕೆ. ನಕ್ಕಾಗ ಮುರಿದ ಹಲ್ಲಿಗೆ ಹಾಕಿಸಿದ ಹೊಸ ಕ್ಯಾಪಿನ ಅಂಚು ತುಟಿಗೆ ತಾಗಿತು, ನಿಲ್ಲಿಸಿದೆ.

ಅವತ್ತು ಬಂದದ್ದು ಮಾತಲ್ಲ, ಕೈ. ಅದು ಹೋಗಲೂ ಇಲ್ಲ. ಕನ್ನಡಿ ನೋಡಿದಾಗೆಲ್ಲ ಅಲ್ಲೇ ಇರುತ್ತದೆ. ಮತ್ತೆ, ನನ್ನ ಹೆಸರಿನ ಹಿಂದೆ 'ಚಿ. ಸೌ.' ಬರೆಯಬೇಡಿ. ಪಿ.ಜಿ.ಯ ಆಂಟಿ ಲಕೋಟೆ ನೋಡಿ, "ಮದುವೆ ಆಗಿದ್ಯಾ? ಹೇಳಲೇ ಇಲ್ಲ" ಅಂದರು.

ಚಿಮ್ಮಂಡೆಯ ಮೀಸೆ ಒಂದು ಪುಟ ವರ್ಣಿಸಿದಿರಿ, ಚುಕ್ಕಿಯ ಬಾಲ ಹೇಗಿದೆ ಅಂತ ಒಂದು ಸಾಲು ಬರೆಯಲಿಲ್ಲ. ಅವಳ ಕುತ್ತಿಗೆಗಿಂತ ದಪ್ಪಗಿದೆಯೇ? ಡಬ್ಬಿ ಈ ತಿಂಗಳ ಕೊನೆಗೆ ಖಾಲಿಯಾಗುತ್ತದೆ. ಮರೆಯದೆ ಮೆಹಬೂಬ್ ಸಾಬರ ಹತ್ತಿರ ಹೋಗಿ.

ಸ್ಪಂದನಾ


ನ್ಯೂ ಟೌನ್, ಭದ್ರಾವತಿ
೭ ಆಗಸ್ಟ್ ೨೦೨೪

ಕುಮಾರಿಯೂ ಅಲ್ಲದ, ಸೌಭಾಗ್ಯವತಿಯೂ ಆಗಲೊಲ್ಲದ ನನ್ನ ಸೊಸೆ ಸ್ಪಂದನಾಳಿಗೆ,

ಮೊನ್ನೆ ಸೋಮವಾರ ಶ್ರಾವಣ ಹೊಕ್ಕಿತು. ನಿನ್ನತ್ತೆ ವಿಭೂತಿ ಧರಿಸಿ, ಹೊಸ್ತಿಲ ಮೇಲೆ ನಿಂತು ಆಜ್ಞೆ ಹೊರಡಿಸಿದಳು: "ಈ ತಿಂಗಳು ಮುಗಿಯೋವರ್ಗೆ ಈ ಮನೇಲಿ ಒಂದು ಜೀವ ಸಾಯಕೂಡದು. ಇರುವೇನೂ ಸೈತ!" ನಿನಗೆ ಗೊತ್ತಲ್ಲ ಅವಳ ನೇಮ. ಗುಡಿಸುವಾಗಲೂ ಪೊರಕೆ ಎತ್ತೆತ್ತಿ ನೋಡುತ್ತಾಳೆ.

ಆದರೆ ನಾನು ಬರೆಯಹೊರಟದ್ದು ಬೇರೆ. ಏನೆಂದು ಬಣ್ಣಿಸಲಿ! ನಿನ್ನ ಚುಕ್ಕಿ ಅನ್ನಾಹಾರ ತೊರೆದಿದ್ದಾಳೆ. ಹೌದು! ಹತ್ತು ದಿನವಾಯಿತು, ಬಾಯಿ ತೆರೆಯಳು. ಕಲ್ಲಿನ ಮೇಲೆ ಗದ್ದವೂರಿ ಬಾಗಿಲನ್ನೇ ನೋಡುತ್ತಾಳೆ. ಯಾರ ದಾರಿ ಕಾಯುತ್ತಿದ್ದಾಳೆ? ನನ್ನದೇ? ಕಾಶಮ್ಮನದೇ? ಕಣ್ಣಂಚಿನಲ್ಲಿ ನೀರು ಕಂಡೆನಮ್ಮ, ಈ ಎರಡು ಕಣ್ಣಾರೆ ಕಂಡೆ. ಇದು ವಿರಹ! ಮೂಕಪ್ರಾಣಿಗೇ ಇಷ್ಟು ಹೃದಯವಿರುವಾಗ ಮನುಷ್ಯರಾದ ನಾವು ಕಲ್ಲಾಗಬಹುದೇ?

ಭಾನುವಾರ ಬಾ. ಹತ್ತು ಗಂಟೆಯ ಬಸ್ಸಿಗೆ ನಾನೇ ಸ್ಟಾಪಿನಲ್ಲಿ ನಿಂತಿರುತ್ತೇನೆ. ಅವಳನ್ನು ಒಮ್ಮೆ ನೋಡಿ ಹೋಗುವೆಯಂತೆ. ಬೇರೇನೂ ಮಾತಿಲ್ಲ, ಇದು ನನ್ನ ಬಣ್ಣದ ಮೇಲಾಣೆ.

ಮುರುಗೇಶಪ್ಪ


ವಿನೋಬನಗರ, ಶಿವಮೊಗ್ಗ
೧೨ ಆಗಸ್ಟ್ ೨೦೨೪

ಮಾವನವರಿಗೆ,

ನಿನ್ನೆ ಬಂದಿದ್ದೆ.

ಸ್ಟಾಪಿನಲ್ಲಿ ನೀವು ನಿಲ್ಲುತ್ತೇನೆ ಅಂದ ಜಾಗದಲ್ಲಿ ನಿಮ್ಮ ಮಗ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಪಕ್ಕದಲ್ಲಿ ಅವರ ಕುಂಸಿಯ ದೊಡ್ಡಪ್ಪ, ಹೆಗಲ ಮೇಲೆ ರಾಜಿ ಪಂಚಾಯ್ತಿಗೆ ಹಾಕುವ ಶಲ್ಯ. ನೀವು ಹಿಂದೆ, ಬೇಕರಿಯ ನೆರಳಿನಲ್ಲಿ. ಕಿಟಕಿಯಿಂದ ಮೂವರನ್ನೂ ನೋಡಿದೆ.

"ಇಳಿಯಲ್ವೇನಮ್ಮಾ? ನ್ಯೂ ಟೌನ್ ಬಂತು" ಅಂದ ಕಂಡಕ್ಟರ್.

"ಮುಂದೆ ಇಳೀತೀನಿ."

"ಟಿಕೆಟ್ ಇಲ್ಲೀವರ್ಗೆ ಇರೋದು."

"ಇನ್ನೊಂದು ಕೊಡಿ ಅಣ್ಣ, ಬಸ್ ಬಿಡಿ."

ಕೊನೆಯ ಸ್ಟಾಪಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬಂದೆ. ಹಲ್ಲಿಗಳು ಬಾಗಿಲು ನೋಡಿಕೊಂಡು ಅಳುವುದಿಲ್ಲ, ಮಾವ. ನಿಮ್ಮ ನಾಟಕಕ್ಕೆ ಒಂದು ಮೂಕಪ್ರಾಣಿ ಬೇಕಾಗಿತ್ತು, ನನ್ನದನ್ನೇ ಬಳಸಿಕೊಂಡಿರಿ. ಇನ್ನು ಮುಂದೆ 'ಅವಳಿಗೆ ಹುಷಾರಿಲ್ಲ, ಬಾ' ಅಂದರೆ ನಾನು ಬರುವುದಿಲ್ಲ.

ಕಾಗದ ಬೇಡ. ಪೋಸ್ಟ್ ಕಾರ್ಡ್ ಹಾಕಿ. ತಿಂದಳೋ ಇಲ್ಲವೋ, ಎಷ್ಟು. ಅದಕ್ಕಿಂತ ಒಂದು ಪದ ಹೆಚ್ಚಿಗೆ ಬರೆದರೆ ಓದುವುದಿಲ್ಲ.

ಸ್ಪಂದನಾ


(ಪೋಸ್ಟ್ ಕಾರ್ಡ್)
ಭದ್ರಾವತಿ, ೧೭ ಆಗಸ್ಟ್ ೨೦೨೪

ಚುಕ್ಕಿ ತಿಂದಳು: ಐದು.
ಮುರುಗೇಶಪ್ಪ


(ಪೋಸ್ಟ್ ಕಾರ್ಡ್)
ಭದ್ರಾವತಿ, ೨೩ ಆಗಸ್ಟ್ ೨೦೨೪

ಚುಕ್ಕಿ ತಿಂದಳು: ಐದು. ಬಾಲ ದಪ್ಪ.
ಮುರುಗೇಶಪ್ಪ


(ಪೋಸ್ಟ್ ಕಾರ್ಡ್)
ಭದ್ರಾವತಿ, ೨೯ ಆಗಸ್ಟ್ ೨೦೨೪

ಚುಕ್ಕಿ ತಿಂದಳು: ಆರು.
ಮುರುಗೇಶಪ್ಪ


ವಿನೋಬನಗರ, ಶಿವಮೊಗ್ಗ
೨ ಸೆಪ್ಟೆಂಬರ್ ೨೦೨೪

ಮಾವನವರಿಗೆ ನಮಸ್ಕಾರ.

ಮೂರೂ ಕಾರ್ಡು ಬಂದವು. ಕನ್ನಡಿಯ ಸಂದಿಗೆ ಸಿಕ್ಕಿಸಿದ್ದೇನೆ, ಬೆಳಿಗ್ಗೆ ತಲೆ ಬಾಚುವಾಗ ಕಾಣುತ್ತವೆ. ನಿಮಗೆ ಹೀಗೂ ಬರೆಯಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ನಿಮ್ಮಿಂದ ನಾನು ಪೂರ್ತಿ ನಂಬಿದ ಮಾತು ಅಂದರೆ ಈ ಮೂರು ಕಾರ್ಡೇ.

ಸಿಟ್ಟು ಹೋಗಿಲ್ಲ. ಆದರೆ ಚುಕ್ಕಿ ಆರು ತಿಂದಳು ಅಂತ ಓದಿದ ದಿನ ನಾನೂ ಎರಡು ಚಪಾತಿ ಹೆಚ್ಚಿಗೆ ತಿಂದೆ. ಇಷ್ಟು ದಿನ ಎಡಗಡೆಯಿಂದಲೇ ಅಗಿಯುತ್ತಿದ್ದೆ, ಅವತ್ತು ಬಲಗಡೆಯಿಂದಲೂ ಅಗಿದೆ.

ಅಕ್ಟೋಬರ್ ಒಂದಕ್ಕೆ ಅವಳನ್ನು ನೀವೇ ತಂದುಕೊಡಿ. ಹೊಸ ರೂಮಿನಲ್ಲಿ ಊಟ ಮಾಡಿಕೊಂಡು ಹೋಗಿ. ಒಬ್ಬರೇ ಬನ್ನಿ.

ಸ್ಪಂದನಾ


ನ್ಯೂ ಟೌನ್, ಭದ್ರಾವತಿ
೬ ಸೆಪ್ಟೆಂಬರ್ ೨೦೨೪

ಮಗಳೇ ಸ್ಪಂದನಾ,

ಕಾರ್ಡಿನಲ್ಲಿ ಹಿಡಿಸದ ಸುದ್ದಿ ಇದು, ಕ್ಷಮಿಸು, ಕಾಗದವೇ ಬೇಕಾಯಿತು. ಅಯ್ಯೋ, ಯಾವ ಪಾಪಿಯ ದೃಷ್ಟಿ ತಗುಲಿತೋ! ಚುಕ್ಕಿಯ ಮುಖಮಂಡಲವೇ ಬದಲಾಗಿದೆ. ಎಡಗಡೆಯ ಕೆಳದುಟಿ ಕುಂಕುಮದಂತೆ ಕೆಂಪು! ಬಾಯಿ ಮುಚ್ಚಿದರೂ ಮುಚ್ಚಿದಂತಿಲ್ಲ, ಒಳಗೆ ಮೊಸರಿನ ಹನಿಯಂಥ ಬಿಳುಪು. ನನ್ನ ಗಂಟಲು ಕಟ್ಟಿದಾಗ ನಾಟಕ ಕಂಪನಿಯಲ್ಲಿ ಕೊಡುತ್ತಿದ್ದ ಅರಿಶಿನ, ಜೇನು ತೇಯ್ದು ಹಚ್ಚಿದೆ. ಸಿಂಹಾಸನದಿಂದ ಇಳಿದ ರಾಣಿಯಂತೆ ಮೂಲೆ ಹಿಡಿದು ಮಲಗಿದ್ದಾಳೆ. ಓ ವಿಧಿಯೇ, ಈ ಮುದುಕನ ಕೈಯಲ್ಲೇ ಈ ಅಂಕ ಆಡಿಸಬೇಕೇ?

ಬಾ ತಾಯಿ. ಇವತ್ತೇ ಬಾ. ನಾಳೆ ಗಣಪತಿ ಕೂರಿಸುತ್ತೇವೆ, ಮನೆ ತುಂಬ ಜನ ಇರುತ್ತಾರೆ, ಯಾರ ಅಂಜಿಕೆಯೂ ಬೇಡ. ಈ ಸಲ ನಾಟಕವಲ್ಲ. ನಂಬು! ನಂಬು! ನಂಬು!

ಮುರುಗೇಶಪ್ಪ


ವಿನೋಬನಗರ, ಶಿವಮೊಗ್ಗ
೧೦ ಸೆಪ್ಟೆಂಬರ್ ೨೦೨೪

ಮಾವನವರಿಗೆ,

ಗೌರಿ ಹಬ್ಬದ ದಿನ ಬರೆದಿದ್ದೀರಿ. 'ಮನೆ ತುಂಬ ಜನ' ಅಂತಲೂ ನೀವೇ ಬರೆದಿದ್ದೀರಿ. ಕುಂಸಿಯ ದೊಡ್ಡಪ್ಪನವರೂ ಬಂದಿದ್ದರೇ?

ಬಾಯಿ ಊದಿದರೆ ಅದೇ ದಿನ ತಿಳಿಸಿ ಅಂದದ್ದು ನಾನು. ನನಗೆ ನೋವಾಗುವ ಜಾಗ ಯಾವುದು ಅಂತ ನಾನೇ ಹೇಳಿಕೊಟ್ಟ ಹಾಗಾಯಿತು. ಆರು ಚಿಮ್ಮಂಡೆ ತಿಂದವಳು ಎಂಟು ದಿನದಲ್ಲಿ ಮೂಲೆ ಹಿಡಿಯುತ್ತಾಳೆಯೇ? ಎರಡರಲ್ಲಿ ಒಂದು ಸುಳ್ಳು. ಕಾರ್ಡು ನಿಜ ಅಂತ ಇಟ್ಟುಕೊಂಡಿದ್ದೇನೆ. ಅದನ್ನು ಬರೆದವರು ನನ್ನ ಮಾವ. ಈ ಕಾಗದ ಬರೆದವರನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ.

ಸ್ಪಂದನಾ


ದುರ್ಗಿಗುಡಿ, ಶಿವಮೊಗ್ಗ
೧೪ ಸೆಪ್ಟೆಂಬರ್ ೨೦೨೪

ಮುರುಗೇಶಪ್ಪನವರಿಗೆ,

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಚುಕ್ಕಿ ಪಕ್ಕದಲ್ಲಿದ್ದಾಳೆ. ನಿನ್ನೆ ನಾನು ನಿಮ್ಮ ಮನೆಗೆ ಬಂದದ್ದು ಯಾಕೆ ಅಂತ ನಿಮಗೆ ಗೊತ್ತಿಲ್ಲ. ನೀವೂ ಕೇಳಲಿಲ್ಲ, ಬಾಗಿಲಿಗೊರಗಿ ನಿಂತೇ ಇದ್ದಿರಿ.

ಗುರುವಾರ ಮೆಹಬೂಬ್ ಸಾಬರು ದವಡೆಹಲ್ಲು ಕೀಳಿಸಲು ಇಲ್ಲಿಗೆ ಬಂದಿದ್ದರು. ಚುಚ್ಚುಮದ್ದು ಏರುವ ತನಕ ಮಾತಾಡುತ್ತಾ, "ಏನು ಬೇಟೀ, ನಿನ್ನ ಹಲ್ಲಿ ಮಾರಿಬಿಟ್ಯಾ?" ಅಂದರು.

"ಇಲ್ಲ ಚಾಚಾ, ಮಾವನವರ ಹತ್ತಿರ ಇದೆ. ನಿಮ್ಮ ಹತ್ರಾನೇ ಚಿಮ್ಮಂಡೆ ತಗೊಂಡು ಹೋಗ್ತಾರಲ್ಲ?"

"ಯಾರು, ನಾಟಕದ ಸಾಹುಕಾರ್ರಾ? ಖುದಾ ಕಸಮ್, ಒಂದ್ ಸಲಾನೂ ಅಂಗಡಿ ಮೆಟ್ಟಿಲು ಹತ್ತಿಲ್ಲ. ನಿಂಗೆ ಅಂತ ತರಿಸಿದ ಡಬ್ಬಿ ಹಂಗೇ ಕೂತಿದೆ."

ಅವರ ಹಲ್ಲು ಕಿತ್ತಾದ ಮೇಲೆ ಡಾಕ್ಟರ ಹತ್ತಿರ ರಜೆ ಕೇಳಿದೆ.

ಮರುದಿನ ನಿಮ್ಮ ಮಗ ಡ್ಯೂಟಿಗೆ ಹೋದ ಮೇಲೆ ಬಂದೆ. ಅತ್ತೆ ಹೊಸ್ತಿಲಲ್ಲೇ ತಡೆದರು.

"ಗಂಡನ್ನ ನೋಡೋಕೆ ಬರ್ಲಿಲ್ಲ, ಹಲ್ಲಿ ನೋಡೋಕೆ ಬಂದ್ಯಾ?"

"ಹೌದು ಅತ್ತೆ. ಹಲ್ಲಿಗೇ ಬಂದೆ."

"ನಾವೇನು ಅದನ್ನ ಉಪವಾಸ ಕೆಡವಿಲ್ಲ ಕಣೇ. ಶ್ರಾವಣದಲ್ಲಿ ಹುಳ ಕೊಲ್ಲೋದು ಬೇಡ ಅಂದೆ, ಊಟ ಬೇಡ ಅನ್ಲಿಲ್ಲ. ರಾಗಿ ಸರಿ, ಬಾಳೆಹಣ್ಣು, ಜೇನುತುಪ್ಪ! ಜ್ಞಾನೇಶಂಗೆ ಕುಡಿಸಿದ ಬೆಳ್ಳಿ ಒಳಲೇಲೇ ಕುಡಿಸಿದ್ವಿ, ಮಗೂಗೆ ಕುಡಿಸಿದ ಹಾಗೆ. ಬಾಯೇ ಬಿಡ್ತಿರಲಿಲ್ಲ, ಮುಂಡೇದು. ಇವರು ಹಿಡ್ಕೊಳ್ಳೋರು, ನಾನು ಒಳಲೆ ಮೂತಿ ಸಂದಿಗೆ ತೂರಿಸ್ತಿದ್ದೆ. ಹುಳಕ್ಕಿಂತ ರಾಗಿ ಕಡೆನಾ?"

ಅವರು ಸುಳ್ಳು ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಸುಳ್ಳು ಹೇಳದವರು ಅವರೊಬ್ಬರೇ.

ಚುಕ್ಕಿಯನ್ನು ಅಲ್ಲಿಂದ ನೇರ ಪಶುವೈದ್ಯರ ಹತ್ತಿರ ಒಯ್ದೆ, ಅವರು ಪೆನ್ನಿನಷ್ಟು ಸಣ್ಣ ಟಾರ್ಚು ಹಿಡಿದು ನೋಡಿದರು. ನಾನು ಅವಳ ತಲೆ ಹಿಡಿದಿದ್ದೆ. ಎಡ ವಸಡು ಉದ್ದಕ್ಕೆ ಸೀಳಿದೆ. ಸೀಳಿನೊಳಗೆ ಒಣಗಿದ ರಾಗಿ, ಅದರ ಕೆಳಗೆ ಕೀವು, ಕೀವಿನ ಕೆಳಗೆ ಮೆತ್ತಗಾದ ಮೂಳೆ. ಬಾಲ ಚಪ್ಪಲಿಯ ದಾರದ ಹಾಗಾಗಿದೆ.

"ಯಾರಿದು ಹೀಗೆ ಕುಡಿಸಿದ್ದು?" ಅಂತ ಕೇಳಿದರು.

"ಮನೆಯವರು" ಅಂದೆ.

"ಒಂದು ವಾರ ಮುಂಚೆ ತಂದಿದ್ರೆ..." ಅಂದು, ಅವಳ ಬಾಯಿ ತೊಳೆಯಲು ಶುರು ಮಾಡಿದರು.

ಒಂದು ವಾರದ ಹಿಂದೆ ನಿಮ್ಮ ಕಾಗದ ಬಂದಿತ್ತು. ಅದು ನಿಜವಿತ್ತು. ನಂಬಬಾರದ್ದನ್ನು ನಂಬಿ ಕನ್ನಡಿಗೆ ಸಿಕ್ಕಿಸಿಕೊಂಡು, ನಂಬಬೇಕಾದ್ದನ್ನು ನಾಟಕ ಅಂತ ಮಡಿಚಿಟ್ಟೆ. ಅದು ನನ್ನ ಪಾಲು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಮಿಕ್ಕದ್ದಕ್ಕೆ ಒಂದೇ ಪ್ರಶ್ನೆ. ಕಾರ್ಡು ಬರೆಯುವಾಗ ಐದು, ಐದು, ಆರು ಅಂತ ಎಣಿಸಿದಿರಲ್ಲ. ಏನನ್ನು ಎಣಿಸಿದಿರಿ?

ಸ್ಪಂದನಾ


ನ್ಯೂ ಟೌನ್, ಭದ್ರಾವತಿ
೧೮ ಸೆಪ್ಟೆಂಬರ್ ೨೦೨೪

ಸ್ಪಂದನಾ,

ಏನನ್ನೂ ಎಣಿಸಲಿಲ್ಲ.

ಜುಲೈ ಕೊನೆಗೆ ಡಬ್ಬಿ ಖಾಲಿಯಾಯಿತು. ಶ್ರಾವಣ ಹತ್ತಿರ ಬಂತು, ಹೊಸ ಹುಳ ಮನೆಯೊಳಗೆ ತರಬೇಡಿ ಎಂದಳು ಕಾಶಮ್ಮ. 'ಇಲ್ಲ ಕಣೆ, ಅದರ ಊಟ ಅದು' ಎಂದು ಹೇಳಬೇಕಿತ್ತು. ಐದು ಪದ. ಹೇಳಲಿಲ್ಲ. ಚುಕ್ಕಿ ಉಪವಾಸವಿದ್ದಾಳೆ ಎಂದು ನಿನಗೆ ಬರೆದದ್ದು ನಿಜ. ವಿರಹ ಎಂದದ್ದು ಸುಳ್ಳು. ಕಾರಣ ಬರೆದರೆ ನೀನು ಅವಳನ್ನು ಬೇರೆ ಕಡೆ ಸೇರಿಸುತ್ತೀ, ಆಮೇಲೆ ಈ ಮನೆಗೆ ನಿನ್ನ ಕೈಬರಹ ಬರುವುದಿಲ್ಲ ಎಂದು ಹೆದರಿದೆ. ಜ್ಞಾನೇಶನನ್ನು ಸ್ಟಾಪಿನಲ್ಲಿ ನಿಲ್ಲಿಸಿದ್ದೂ ನಾನೇ.

ಮೊದಲ ಕಾರ್ಡು ಬರೆಯುವಾಗ ಅವಳು ನನ್ನ ಎದುರಿಗೇ ಇದ್ದಳು. ಬಾಯಿಂದ ರಾಗಿ ಸೋರುತ್ತಿತ್ತು. ಅವಳನ್ನು ನೋಡಿಕೊಂಡೇ ಐದು ಎಂದು ಬರೆದೆ. ನೀನು ನಂಬಿದೆ, ಊಟಕ್ಕೆ ಕರೆದೆ. ಆ ಕಾಗದ ಬಂದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಲೇಬೇಕಾದ ದಿನ ನನಗೆ ಗೊತ್ತಿದ್ದ ಭಾಷೆ ಒಂದೇ. ಅದರಲ್ಲಿ ಬರೆದೆ. ನೀನು ನಂಬದ್ದು ನಿನ್ನ ತಪ್ಪಲ್ಲ.

ಜೂನ್ ತಿಂಗಳ ಆ ದಿನ ಪುಟ ತಿರುವಿದೆನಲ್ಲ, ಆಮೇಲಿನ ಪುಟದಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಕೈ ಎದ್ದದ್ದು ನೋಡಿದೆ. ಎದ್ದು ನಿಲ್ಲಬಹುದಿತ್ತು, ಕಾಲು ಚೆನ್ನಾಗೇ ಇದ್ದವು.

ನಿನ್ನೆ ಮೆಹಬೂಬ್ ಸಾಬರ ಅಂಗಡಿಗೆ ಹೋದೆ. "ಈಗ್ ಬಂದ್ರಾ?" ಎಂದರು. ಇಪ್ಪತ್ತು ಚಿಮ್ಮಂಡೆ ತಂದು ನಡುಮನೆಯಲ್ಲೇ ಇಟ್ಟಿದ್ದೇನೆ. ಕಾಶಮ್ಮ ಮಾತು ಬಿಟ್ಟಿದ್ದಾಳೆ, ಬಿಡಲಿ. ಡಬ್ಬಿಗೆ ತೂತು ಕೊರೆದು, ಒಳಗೆ ಮೊಟ್ಟೆಯ ರಟ್ಟು, ಕ್ಯಾರೆಟ್ ಚೂರು ಹಾಕಿದ್ದೇನೆ. ಶನಿವಾರ ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿನಲ್ಲಿ ಕಂಡಕ್ಟರ್ ಮಾರಪ್ಪನ ಕೈಗೆ ಕೊಡುತ್ತೇನೆ. ಚುಕ್ಕಿ ಕಚ್ಚಲಾರಳಾದರೆ ಅರೆದು ಕೊಡಬಹುದು ಎಂದು ಸಾಬರು ಹೇಳಿದರು. ಮಾರಪ್ಪನನ್ನು ಸ್ಟ್ಯಾಂಡಿನಲ್ಲಿ ಕಾಣು.

ಮುರುಗೇಶಪ್ಪ


ದುರ್ಗಿಗುಡಿ, ಶಿವಮೊಗ್ಗ
೨೩ ಸೆಪ್ಟೆಂಬರ್ ೨೦೨೪

ಮುರುಗೇಶಪ್ಪನವರಿಗೆ,

ಚುಕ್ಕಿ ಶುಕ್ರವಾರ ಮಧ್ಯಾಹ್ನ ಹೋದಳು. ನಾನು ಒಬ್ಬರ ಬಾಯಿಗೆ ಲೈಟು ಹಿಡಿದು ನಿಂತಿದ್ದೆ. ಅವರದು ಮುಗಿಸಿ ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ ತಣ್ಣಗಾಗಿದ್ದಳು. ಎಂಟು ದಿನ ಡ್ರಾಪರಿನಲ್ಲಿ ಔಷಧ, ಅರೆದ ಹುಳ ಹನಿ ಹನಿ ಹಾಕಿದೆ. ಎರಡು ಸಲ ನುಂಗಿದಳು. ಡ್ರಾಪರು ಹತ್ತಿರ ತಂದರೆ ಮುಖ ತಿರುಗಿಸುತ್ತಿದ್ದಳು. ಕೊನೆಯವರೆಗೂ ಅವಳಿಗೆ ಅದು ನಿಮ್ಮ ಒಳಲೆಯೇ ಆಗಿತ್ತು.

ಜೂನ್ ತಿಂಗಳ ಬಗ್ಗೆ ನೀವು ಬರೆದ ಸಾಲುಗಳನ್ನು ಓದಿದೆ. ಅವು ನಿಜ ಇರಬಹುದು. ನಿಮ್ಮ ಕೈಬರಹದಲ್ಲಿ ನಿಜ ಹೇಗಿರುತ್ತದೆ ಅಂತ ಗುರುತು ಹಿಡಿಯಲು ನನಗೆ ಬರುವುದಿಲ್ಲ. ಕಲಿಯುವ ಮನಸ್ಸೂ ಇಲ್ಲ. ಇದಕ್ಕೆ ಉತ್ತರ ಬರೆಯಬೇಡಿ, ನಾನು ತೆಗೆದು ನೋಡುವುದಿಲ್ಲ.

ಶನಿವಾರ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಮಾರಪ್ಪನವರನ್ನು ಕಾಯಿಸುವುದು ಬೇಡ ಅಂತ ಹೋದೆ. ಡಬ್ಬಿಯನ್ನು ಸೀಟಿನ ಪಕ್ಕದಲ್ಲಿ, ಬಿಸಿಲು ತಾಗದ ಹಾಗೆ ಇಟ್ಟುಕೊಂಡು ಬಂದಿದ್ದರು. "ಏನಮ್ಮಾ ಇದು, ದಾರಿ ಪೂರ್ತಿ ಒಳಗೆ ಸದ್ದು?" ಅಂದರು. "ಊಟ" ಅಂದೆ.

ಕ್ಲಿನಿಕ್ಕಿಗೆ ತಂದು ಮುಚ್ಚಳ ತೆಗೆದೆ. ತೂತು ಸರಿಯಾದ ಅಳತೆಯಲ್ಲಿ ಕೊರೆದಿದ್ದೀರಿ. ಕ್ಯಾರೆಟ್ ಇನ್ನೂ ಹಸಿ ಇತ್ತು. ಒಂದೊಂದಾಗಿ ಹಿಂದಿನ ಅಂಗಳದ ಹುಲ್ಲಿಗೆ ಬಿಟ್ಟು ಎಣಿಸಿದೆ. ಇಪ್ಪತ್ತು. ಚೆನ್ನಾಗಿ ಸಾಕಿದ್ದೀರಿ, ಒಂದೂ ಸತ್ತಿರಲಿಲ್ಲ.

ಸ್ಪಂದನಾ